ಎರಡನೇ ನುಡಿಯ ಮೂರು ಕೆಮ್ಮು

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ಚೀಲ ಹೊತ್ತಿದ್ದೇನೆ, ಒಂದನ್ನೂ ಬೀಳಿಸಿಲ್ಲ. ರಾಣೆಬೆನ್ನೂರಿನ ತತ್ವಪದದ ಅಜ್ಜಾರ ಹಾಡಿನ ಬಗ್ಗೆ ಎಂಥ ಓದಿದವರು ಮಾತಿಗೆ ಬಂದರೂ ಹಿಂದೆ ಸರಿಯುವವನಲ್ಲ. ಅವರ ಹನ್ನೊಂದು ಕ್ಯಾಸೆಟ್ ನನ್ನ ಬಳಿ ಇವೆ. ಭಾರ ಎತ್ತುವಾಗ ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಹಮಾಲನಿಗೆ ಗೊತ್ತು. ಅಜ್ಜಾರು ಸಾಲು ಎತ್ತುವುದೂ ಹಾಗೆಯೇ. ಮೊದಲು ಹಗುರಾಗಿ ಮುಟ್ಟಿ ನೋಡುತ್ತಾರೆ, ಆಮೇಲೆ ಒಂದೇ ದಮ್ಮಿಗೆ ಮೇಲೆ.

ಎಲ್ಲಕ್ಕಿಂತ ಒಳ್ಳೆಯದು, ನಮ್ಮ ಪೇಟೆಯಲ್ಲೇ ಮೆಣಸಿನಕಾಯಿ ಸುಗ್ಗಿಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್. ಮೊದಲ ಹಾಡಿನ ಎರಡನೇ ನುಡಿಯಲ್ಲಿ ಸಾಲು ಮೇಲೆ ಹೋಗಿ ನಿಂತಾಗ ಅಜ್ಜಾರು ಮೂರು ಸಲ ಕೆಮ್ಮುತ್ತಾರೆ. ಎರಡು ಸಣ್ಣವು, ಒಂದು ದೊಡ್ಡದು, ತಾಳಕ್ಕೆ ಸರಿಯಾಗಿ. ಆಮೇಲೆ ಸಾಲು ಇಳಿಯುತ್ತದೆ. ನಮ್ಮ ನಾಲ್ವರ ಭಜನಾ ತಂಡಕ್ಕೆ ನಾನು ಆ ಹಾಡನ್ನು ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ ಕಲಿಸಿದೆ. ಅಲ್ಲಿಗೆ ಬಂದಾಗ ನಾಲ್ವರೂ ಒಟ್ಟಿಗೆ ಕೆಮ್ಮುತ್ತಿದ್ದೆವು. ತಬಲಾದವನು ಮೂರನೆಯದಕ್ಕೆ ಡಗ್ಗಾದ ಮೇಲೆ ಒಂದು ಪೆಟ್ಟು ಸೇರಿಸುತ್ತಿದ್ದ. ವರ್ಷಗಟ್ಟಲೆ ಹಾಡಿದೆವು, ಬ್ಯಾಡಗಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಎದುರು ಕುಳಿತವರೂ ಕೆಮ್ಮುತ್ತಿದ್ದರಲ್ಲ.

ಹೋದ ವರ್ಷ ಹಾವೇರಿಯ ಭಜನಾ ಸ್ಪರ್ಧೆಯಲ್ಲಿ ತೀರ್ಪು ಕೊಡಲು ಕುಳಿತಿದ್ದ ಮಾಸ್ತರರು ಕೈ ಎತ್ತಿ ಹಾಡು ನಿಲ್ಲಿಸಿದರು.

“ನಾಲ್ಕೂ ಮಂದಿಗೆ ಆರಾಮ ಇಲ್ಲೇನ್ರಿ? ನೀರ ತರಸ್ಲೇನು?”

“ಆರಾಮ ಅದೇವ್ರಿ. ಅದು ಹಾಡಿನ್ಯಾಗ ಐತ್ರಿ,” ಎಂದೆ.

“ಕೆಮ್ಮು ಹಾಡಿನ್ಯಾಗ ಐತಿ?”

“ಎರಡನೇ ನುಡ್ಯಾಗ ಐತ್ರಿ.”

ಸಭೆಗೆ ಸಭೆಯೇ ನಕ್ಕಿತು. ಮರಳುವ ಬಸ್ಸಿನಲ್ಲಿ ತಬಲಾದವನು ನನ್ನ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಿಂದಲೇ ಹೇಳಿದ: “ಅಣ್ಣಾ, ಅಜ್ಜಾರ ಬಾಯಿಂದ ಖರೇ ಅನಿಸ್ಕೊಂಡ ಬಾ. ಇಲ್ಲಂದ್ರ ಇನ್ನಮ್ಯಾಲ ಪೇಟಿ ಮುಂದ ನಾ ಕುಂದರ್ತೇನಿ. ನೀ ಹಿಂದ ತಾಳ ಹಿಡಿ.”

ಹಾರ್ಮೋನಿಯಂ ಪೇಟಿಯ ಮುಂದಿನ ಜಾಗ ಹಾಡು ಕಲಿಸುವವನದು. ಮದುವೆ ಮನೆಯಲ್ಲಿ ನನ್ನನ್ನು ಮೊದಲ ಪಂಕ್ತಿಗೆ ಕೂರಿಸುತ್ತಿದ್ದದ್ದೇ ಆ ಜಾಗದ ದೆಸೆಯಿಂದ.

ಮರುದಿನವೇ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿಕೊಂಡು ರಾಣೆಬೆನ್ನೂರಿಗೆ ಹೋದೆ. ಅಜ್ಜಾರು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕ್ಯಾಸೆಟ್ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಮೂರೂ ಕೆಮ್ಮು ದಾಟಿದವು.

“ಮೆಣಸಿನಕಾಯಿ ಘಾಟಪಾ ಅದು. ಸುಗ್ಗ್ಯಾಗ ನಿಮ್ಮೂರಾಗ ಮನಷ್ಯಾಗ ಹಾಡಾಕ ಆಕ್ಕೈತೇನು?”

“ತಾಳಕ್ಕ ಬಂದಾವಲ್ರಿ ಅಜ್ಜಾರ?”

“ಮತ್ತ? ತಾಳ ಬಿಟ್ಟು ಕೆಮ್ಮಲೇನು?”

ಆಮೇಲೆ ನನಗೇ ಹಾಡಲು ಹೇಳಿದರು. ಈ ಸಲ ಕೆಮ್ಮಬಾರದೆಂದು ಗಟ್ಟಿ ಮನಸ್ಸು ಮಾಡಿ ಹಾಡಿದೆ. ಸಾಲು ಮೇಲೆ ಹೋಯಿತು, ಇಳಿಯುವ ದಾರಿ ಸಿಗಲಿಲ್ಲ. ಉಸಿರು ಮುಗಿಯುತ್ತ ಬಂತು. ವಿಧಿಯಿಲ್ಲದೆ ಕೆಮ್ಮಿ ಇಳಿದೆ.

“ಮೂರನೇದು ಸಣ್ಣದಾತು,” ಎಂದರು ಅಜ್ಜಾರು, ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ. “ನಾ ಇಷ್ಟ ಸಣ್ಣಗ ಕೆಮ್ಮಿದ್ದಿಲ್ಲ.”

ಸುಳ್ಳು ಹೇಳಬಹುದಿತ್ತು. ಅಜ್ಜಾರೇನು ಬ್ಯಾಡಗಿಗೆ ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಆದರೆ ಅವರ ಹೆಸರಿನಲ್ಲಿ ಸುಳ್ಳಾಡಲು ಬಾಯಿ ಬರಲಿಲ್ಲ. ಭಾನುವಾರ ಮಧ್ಯಾಹ್ನ ತಂಡ ಸೇರಿದಾಗ, “ಅದು ಬರೇ ಘಾಟಂತ. ನಾ ತಪ್ಪು ಕಲಿಸೇನಿ,” ಎಂದು ಹೇಳಿ, ತಾಳ ಹಿಡಿದು ಹಿಂದೆ ಕುಳಿತೆ.

ತಬಲಾದವನು ತಬಲಾವನ್ನು ಇನ್ನೊಬ್ಬನಿಗೆ ದಾಟಿಸಿ, ಪೇಟಿ ಎಳೆದುಕೊಂಡು ಶುರು ಮಾಡಿದ. ಎರಡನೇ ನುಡಿಯಲ್ಲಿ ಸಾಲು ಮೇಲೆ ಹೋಗಿ ಅಲ್ಲೇ ನಿಂತಿತು. ಅವನ ಕಣ್ಣು ಹೊರಗೆ ಬಂದವು. ಉಳಿದಿಬ್ಬರು ಗೋಡೆ ನೋಡಿದರು. ಮೊದಲಿನಿಂದ ಹಾಡಿದ, ಮತ್ತೆ ಅಲ್ಲೇ. ಮೂರನೇ ಸಲ ಪೇಟಿ ಮುಚ್ಚಿಬಿಟ್ಟ.

“ಏನ್ ಕಲಿಸಿಟ್ಟೀಯೋ ಮಾರಾಯಾ! ಕೆಮ್ಮಲಾರದ ಇಳ್ಯಾಕ ಆಗವಲ್ದು. ಬಾ, ನೀನ ಕುಂದ್ರ ಇಲ್ಲೆ.”

ನಾನು ತಾಳದ ದಾರ ಸರಿಮಾಡುತ್ತ ಕುಳಿತಿದ್ದೆ. ಇನ್ನೂ ಎರಡು ಸಲ ಕರೆಸಿಕೊಂಡೇ ಎದ್ದೆ.