ಚರ್ಚಿನ ಆರ್ಗನ್ನಿಗೆ ನಿಂಬೆಹಣ್ಣು

“ಪೂಜೆ ಆಗ್ದೆ ಮೆಷಿನ್ ಚಾಲೂ ಮಾಡಲ್ಲ, ಫಾದರ್,” ಎಂದು ಅಪ್ಪ ಸ್ಪ್ಯಾನರ್ ಕೆಳಗಿಟ್ಟುಬಿಟ್ಟರು. ಭದ್ರಾವತಿಯ ನಮ್ಮ ಬಡಾವಣೆಯ ಚರ್ಚು ಹೊಸದಾಗಿ ಮಾಡಿಸಿದ ಪೈಪ್ ಆರ್ಗನ್ ಅದು, ಮೋಟಾರು ಕೊಳವೆಗಳಿಗೆ ಗಾಳಿ ಊದಿ ನುಡಿಸುವ ವಾದ್ಯ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಅದರ ಆಳೆತ್ತರದ ಕೊಳವೆಗಳನ್ನು ನಿಲ್ಲಿಸಿಕೊಟ್ಟಿದ್ದರು. ಮರುದಿನವೇ ಬಿಷಪ್ಪರ ಉದ್ಘಾಟನೆ. ಇನ್ನೂ ಒಂದು ಸ್ವರವೂ ಹೊರಟಿರಲಿಲ್ಲ.

ನಮ್ಮ ವಂಶದ ಮೊದಲ ಪದವೀಧರ ನಾನು. “ಮರ್ಯಾದೆ ತೆಗೀಬೇಡಪ್ಪ, ಇದು ಚರ್ಚು,” ಎಂದು ಗದರಿದೆ.

ಫಾದರ್ ನನ್ನತ್ತ ನೋಡಲೂ ಇಲ್ಲ. “ನಾಳೆ ಬಿಷಪ್ರು ಮಾಡೋದೂ ಪೂಜೆನೇ ಅಲ್ವಾ? ನಿಮ್ದೂ ಮುಗಿಸಿ ಮಾರಾಯ್ರೆ. ಕಾಯಿ ಮಾತ್ರ ಹೊರಗೆ ಒಡೀರಿ, ಹೊಸ ಟೈಲ್ಸು!”

ಅಪ್ಪ ಕೊಳವೆಗೆ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು ಸ್ವಿಚ್ ಹಾಕಿದರು. ಫಾದರ್ ಕಾಯಿಚೂರು ಅಗಿಯುತ್ತಲೇ ಒಂದು ಕೀ ಒತ್ತಿದರು. ಇಡೀ ಚರ್ಚು ಗುಂಯ್ ಎಂದಿತು.

ನನ್ನ ಡಿಗ್ರಿಯ ಬಗ್ಗೆ ಈಗಲೂ ಹೆಮ್ಮೆಯಿದೆ. ಆದರೆ ಅಂದು ದೇವರುಗಳೇ ಹೊಂದಿಕೊಂಡ ಮೇಲೂ ಅಲ್ಲಿ ಮಡಿವಂತನಾಗಿ ಉಳಿದವನು ನಾನೊಬ್ಬನೇ.