ಮಾಮ ಹಾಕಿಕೊಟ್ಟ ಬಿಗಿ ಕೋಲು

ಮೊನ್ನೆ ಗಾಲ್ಫ್ ಚೆಂಡು ಹೊಡೆಯುವ ನನ್ನ ಕ್ಲಬ್ಬಿನ ಹಿಡಿಯ ರಬ್ಬರು ಬಿರುಕು ಬಿಟ್ಟಿತ್ತು. ಬ್ಲೇಡಿನಿಂದ ಸೀಳಿದೆ. ಒಳಗಿನಿಂದ ಹಳೆಯ ಅಂಟಿನ ವಾಸನೆ ಬಂತು... ಅದರ ಹಿಂದೆಯೇ ಮಾಮ ನೆನಪಿಗೆ ಬಂದರು.

ಸ್ವಂತ ಮಾಮ ಅಲ್ಲ. ತಮಿಳುನಾಡಿನ ಪೆರಿಯಕುಳಂನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಬೆಟ್ಟದ ಮೇಲಿನ ಗಾಲ್ಫ್ ಮೈದಾನದಲ್ಲಿ ಮುರಿದ ಕ್ಲಬ್ಬುಗಳೂ ಅವರ ಕೈಗೇ ಇಳಿದು ಬರುತ್ತಿದ್ದವು. ನನ್ನಂತೆ ಅವರ ಮನೆಮಾತೂ ಕನ್ನಡವೇ. ನಾನು ಮಾಮ ಅಂದೆ, ಅವರು ತಮಿಳರಂತೆ ಮಾಪ್ಳೆ, ಅಂದರೆ ಅಳಿಯ, ಅಂದರು.

ನಾನು ಎಂಟನೆಯದಕ್ಕೆ ಶಾಲೆ ಬಿಟ್ಟು, ಮಾರ್ಕಯನ್‌ಕೋಟ್ಟೈಯಲ್ಲಿ ವರ್ಷಗಟ್ಟಲೆ ಗುದ್ದಲಿ ಹಿಡಿದು, ಆಮೇಲೆ ಆ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಸೇರಿದವನು. ವರ್ಷಕ್ಕೊಮ್ಮೆ ಕೆಲಸಗಾರರಿಗೂ ಪಂದ್ಯ. ಯಾರೋ ಬಿಟ್ಟುಹೋದ ಕ್ಲಬ್ಬಿನಿಂದ ಹೊಡೆದರೆ ಚೆಂಡು ಎಡಕ್ಕೆ ತಿರುಗಿ ಮರಗಳೊಳಗೆ. ಎಲ್ಲರೂ ನಕ್ಕರು. ಇನ್ನೂ ಜೋರಾಗಿ ಬೀಸಿದೆ. ಇನ್ನೂ ಎಡಕ್ಕೆ.

ಕ್ಲಬ್ಬನ್ನು ಮಾಮನ ಬಳಿಗೆ ಒಯ್ದೆ. ಅವರು ಅಂಗಡಿ ಮುಂದೆಯೇ ನನ್ನಿಂದ ಬೀಸಿಸಿ ನೋಡಿದರು.

"ಕೈ ತಪ್ಪಿಲ್ಲ ಮಾಪ್ಳೆ. ಇದು ಯಾರೋ ವಯಸಾದವ್ರ ಕೋಲು, ಮೆತ್ತಗೈತೆ. ನಿನ್ ವೇಗಕ್ಕೆ ಎಮ್ಮೆ ಬಾಲ ಆಡ್ದಂಗ್ ಆಡ್ತದೆ."

ನನ್ನ ಮಣಿಕಟ್ಟಿನಿಂದ ನೆಲಕ್ಕೆ ದಾರ ಬಿಟ್ಟು ಅಳೆದು ಗಂಟು ಹಾಕಿದರು. ಬೇರೊಂದು ಕ್ಲಬ್ಬಿನಿಂದ ಸುಲಭಕ್ಕೆ ಬಾಗದ ಬಿಗಿ ಕೋಲು ತೆಗೆದು, ಹೆಬ್ಬೆರಳಗಲ ಕೊಯ್ದು ನನ್ನ ಕ್ಲಬ್ಬಿನ ತಲೆಗೆ ಜೋಡಿಸಿದರು. ನನ್ನ ದಪ್ಪ ಬೆರಳಿಗೆಂದು ಹಿಡಿಗೆ ಬಟ್ಟೆ ಸುತ್ತಿ, ಮೇಲೆ ರಬ್ಬರು ಎಳೆದರು.

"ಕೈ ನಿಧಾನ ಆದ್ ದಿನ ಬಾ. ಮೆತ್ತನ್ ಕೋಲ್ ಹಾಕ್ಕೊಡ್ತೀನಿ."

"ನನ್ ಕೈ ನಿಧಾನ ಆಗಾಕಿಲ್ಲ ಮಾಮ!"

"ನಾನೂ ಹಂಗೇ ಅಂದಿದ್ದೆ" ಎಂದು ನಕ್ಕರು.

ಮುಂದಿನ ವರ್ಷದ ಪಂದ್ಯದಲ್ಲಿ ಚೆಂಡು ಗೆರೆ ಎಳೆದಂತೆ ನೇರ ಹೋಯಿತು. ಗೆದ್ದೆ. ನನ್ನ ತೋಳಿನ ಬಲವೆಂದು ಊರೆಲ್ಲ ಹೇಳಿಕೊಂಡೆ. ಮಾಮನ ಕಿವಿಗೂ ಬಿದ್ದಿರಬೇಕು.

ಈಗ ಎರಡು ವರ್ಷದಿಂದ ನನ್ನ ಚೆಂಡು ಹತ್ತಿರದಲ್ಲೇ ಬಿದ್ದು ಬಲಕ್ಕೆ ಸರಿಯುತ್ತಿದೆ. ಬಿಗಿ ಕೋಲನ್ನು ಬಗ್ಗಿಸುವಷ್ಟು ವೇಗ ಕೈಯಲ್ಲಿ ಉಳಿದಿಲ್ಲ. ನನಗದು ಗೊತ್ತಿತ್ತು. ಆದರೂ ಕೇಳಿದವರಿಗೆಲ್ಲ ಗಾಳಿ ಅಂದೆ.

ಹಿಡಿ ಬಿಚ್ಚಿದ ಮರುದಿನ ಪೆರಿಯಕುಳಂಗೆ ಹೋದೆ. ಅಂಗಡಿ ಮುಚ್ಚಿತ್ತು. "ಅವ್ರು ತೀರ್ಕೊಂಡು ವರ್ಷ ಆಯ್ತಲ್ಲಪ್ಪಾ" ಎಂದರು ಪಕ್ಕದ ಹೂವಿನ ಅಂಗಡಿಯವರು. ಕೈ ಸೋತ ಮೊದಲ ವರ್ಷವೇ ಹೋಗಿದ್ದರೆ ಮಾಮ ಸಿಗುತ್ತಿದ್ದರು...

ಅವರು ಸುತ್ತಿದ್ದ ಬಟ್ಟೆಯನ್ನು ಬಿಚ್ಚಲಿಲ್ಲ. ಅದರ ಮೇಲೆಯೇ ಹೊಸ ರಬ್ಬರು ಹಾಕಿದೆ. ಚೆಂಡು ಈಗಲೂ ಬಲಕ್ಕೇ ಹೋಗುತ್ತದೆ. ಯಾರಾದರೂ ಕೇಳಿದರೆ, ಕೈ ನಿಧಾನವಾಯಿತು ಅನ್ನುತ್ತೇನೆ.