ನಾಲ್ಕು ಬೋಳು ಟ್ರಾನ್ಸಿಸ್ಟರುಗಳು

ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಪ್ರಮಾಣ ಮಾಡಿ ಹೇಳಲಾರೆ. ಮೊನ್ನೆ ಬೆಳಿಗ್ಗೆ ಹೆಂಡತಿ ಉಗುರುಬಣ್ಣ ಅಳಿಸುತ್ತಿದ್ದಳು. ಆ ರಿಮೂವರಿನ ಘಾಟು ಮೂಗಿಗೆ ಬಡಿದದ್ದೇ ತಡ, ಮದ್ದೂರಿನ ಸೋದರಮಾವನ ನೆನಪಾಯಿತು. ಮಾವ ಉಗುರಿಗೆ ಬಣ್ಣ ಹಚ್ಚುವವನಲ್ಲ. ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು.

ಅವನ ಆಂಪ್ಲಿಫೈಯರು ಸಮಾರಂಭದ ನಡುವೆ ಹೊಗೆಯಾಡುವುದಕ್ಕೆ ಹೆಸರುವಾಸಿ. ಅದರೊಳಗೆ ಸದ್ದಿನ ಭಾರ ಹೊರುವ ಟ್ರಾನ್ಸಿಸ್ಟರುಗಳು, ಲೋಹದ ಟೋಪಿಯಿಟ್ಟ ಪುಟ್ಟ ಬಿಲ್ಲೆಗಳಂಥವು, ಪದೇಪದೇ ಸುಡುತ್ತಿದ್ದವು. ಜನ ಅವನ ಅಂಗಡಿಗೆ 'ಹೊಗೆ ಸೌಂಡ್ಸ್' ಎನ್ನುತ್ತಿದ್ದರು. ಅಂಥದ್ದರಲ್ಲಿ ಅವನ ಮಗಳು ಸುಧಾಳದೇ ಮದುವೆ ಬಂತು; ಮಳವಳ್ಳಿಯ ಬೀಗರಿಗೆ "ಸೆಟ್ ನಂದೇಯ, ನೀವ್ ತಲೆ ಕೆಡುಸ್ಕಬ್ಯಾಡಿ" ಎಂದು ಮಾತು ಕೊಟ್ಟು ಬಂದಿದ್ದ. ಅವರ ಊರಿನ ಛತ್ರದಲ್ಲಿ ಹೊಗೆ ಎದ್ದರೆ ಸುಧಾ ಆಯಸ್ಸಿಡೀ ಆ ಮನೆಯಲ್ಲಿ ಹೊಗೆಯವನ ಮಗಳು.

ನಾನಾಗ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ, ಕೇಳಿದವರಿಗೂ ಕೇಳದವರಿಗೂ ವಿವರಿಸುವ ಹುಮ್ಮಸ್ಸಿನಲ್ಲಿದ್ದೆ. ಮಾವ ಹೊಸ ಟ್ರಾನ್ಸಿಸ್ಟರು ತಂದಿದ್ದ, ಎರಡು ಮಂಡ್ಯದಿಂದ, ಎರಡು ಬೆಂಗಳೂರಿನಿಂದ. ನಮ್ಮ ಕಡೆ ಅಸಲಿಗೆ 'ಕಂಪ್ನೀದು' ಎನ್ನುತ್ತಾರೆ, ನಕಲಿಗೆ 'ಡೂಪ್ಲಿಕೇಟು'. ನಕಲಿಯನ್ನೂ ಯಾವುದೋ ಕಂಪನಿಯೇ ಮಾಡಿರುತ್ತದಲ್ಲ ಎಂಬ ನನ್ನ ತಕರಾರಿಗೆ ಯಾರೂ ಕಿವಿಗೊಡಲಿಲ್ಲ. ಆದರೂ ವ್ಯಾಖ್ಯಾನ ಕೊಟ್ಟೆ: ಕೆಲಸ ಮಾಡದ್ದೆಲ್ಲ ನಕಲಿಯಲ್ಲ, ತನ್ನದಲ್ಲದ ಹೆಸರನ್ನು ಮೈಮೇಲೆ ಬರೆಸಿಕೊಂಡದ್ದು ನಕಲಿ. ಹಳೆಯ ಅಕ್ಷರ ಉಜ್ಜಿ ಹೊಸದು ಅಚ್ಚು ಹಾಕಿದ್ದರೆ ರಿಮೂವರಿಗೆ ಅದು ಕಿತ್ತುಬರುತ್ತದೆ.

ಸುಧಾ ಉಗುರು ಒರೆಸಿಕೊಳ್ಳುತ್ತಿದ್ದ ರಿಮೂವರ್ ಬಾಟಲಿಯನ್ನೇ ಕಿತ್ತುಕೊಂಡು ಬಂದು ಉಜ್ಜಿದೆವು. ಮಂಡ್ಯದವುಗಳ ಅಕ್ಷರ ಅಳಿಸಿಹೋಯಿತು. ಬೆಂಗಳೂರಿನವುಗಳದೂ ಅಳಿಸಿಹೋಯಿತು. ಕೆಲವು ಅಸಲಿ ಮಾಲಿನ ಶಾಯಿಯೂ ಅಷ್ಟೇ ದುರ್ಬಲ ಎಂಬುದು ನನಗೆ ಆಗ ನೆನಪಾಯಿತು.

"ನಾಕೂ ಬೋಳಾದ್ವಲ್ಲೋ. ಈಗ ಯಾವ್ದು ಕಂಪ್ನೀದು ಅಂತ ಎಂಗ್ಲಾ ಯೇಳದು?" ಎಂದ ಮಾವ.

"ಟೋಪಿ ಕೊಯ್ದ್ರೆ ಒಳ್ಗಿನ್ ಚಿಪ್ ಕಾಣ್ತದೆ ಮಾವ. ಅಸಲೀದಾದ್ರೆ ದೊಡ್ಡದಿರ್ತದೆ, ನಕಲೀದು ಸಣ್ಣದು, ಸದ್ದು ಏರ್ಸಿದ್ರೆ ಸುಟ್ಟೋಯ್ತದೆ."

"ಕೊಯ್ದ್ಬುಟ್ಟು ಸೆಟ್ಗೇನ್ ಆಕ್ಲಿ, ನಿನ್ ಡಿಗ್ರೀನಾ?"

ಸುಧಾ ಖಾಲಿ ಬಾಟಲಿ ಅಲ್ಲಾಡಿಸಿ ನೋಡಿದಳು. "ಭಾವ, ಪೂರ್ತಿ ಮುಗಿಸ್ಬುಟ್ರಾ? ಒಂದ್ ಕೈ ಕೆಂಪು, ಒಂದ್ ಕೈ ಬೋಳು, ಇಂಗೇ ಧಾರೆಗೆ ಕೂತ್ಕಳ್ಲಾ?"

ಬೇರೆ ತರಲು ಹೊತ್ತಿರಲಿಲ್ಲ. ನಾಲ್ಕನ್ನೂ ಕೂರಿಸಿ ಮಳವಳ್ಳಿಗೆ ಒಯ್ದೆವು. ಹೆದರಿದ ಮಾವ ಸದ್ದಿನ ತಿರುಪನ್ನು ಕಾಲುಭಾಗ ದಾಟಗೊಡಲಿಲ್ಲ. ಸದ್ದು ಏರಿಸಲು ಬಂದ ಗಂಡಿನ ಕಡೆಯವನೊಬ್ಬನ ಕೈಯನ್ನೇ ಹಿಡಿದುಕೊಂಡ. ಊಟಕ್ಕೆ ಕೂತ ಬೀಗರು, ನನ್ನ ನೆನಪು ನಂಬಬಹುದಾದರೆ, "ಬೋ ಮರ್ವಾದಸ್ತ ಸೆಟ್ಟು ಕಣಪ್ಪ. ಮದ್ವೇಲಿ ಪಕ್ಕದೋರ್ ಮಾತು ಕೇಳ್ಸಿದ್ದು ಇದೇ ಮೊದ್ಲು" ಎಂದರು. ಸುಧಾಳ ಪ್ರಕಾರ ಅವರು ಹಾಗೆ ಅನ್ನಲೇ ಇಲ್ಲ, ಕೇಳಿದ್ದು ಇನ್ನೊಂದು ಮುದ್ದೆ. ಇರಬಹುದು.

ಘಾಟು ಹತ್ತಿದ ಮೇಲೆ ಸುಮ್ಮನಿರಲಾಗದೆ ನಿನ್ನೆ ಮದ್ದೂರಿಗೆ ಹೋದೆ. ಅಟ್ಟದ ಮೇಲಿದ್ದ ಆಂಪ್ಲಿಫೈಯರು ಇಳಿಸಿ, ಬಿಚ್ಚಿ, ಮಾವನ ಎದುರಿಗೇ ಅವೇ ನಾಲ್ಕು ಬೋಳು ಟೋಪಿಗಳನ್ನು ಗರಗಸದಲ್ಲಿ ಕೊಯ್ದೆ. "ಏನಾರ ಇರ್ಲಿ, ಬೀಗ್ರಿಗ್ ಯೇಳ್ಬ್ಯಾಡ" ಎಂದ. ಬೀಗರ ಹೊಗಳಿಕೆಗೆ ನಾನು ಜವಾಬ್ದಾರನಲ್ಲ. ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡದ್ದು ಇಷ್ಟೇ: ನಾಲ್ಕರೊಳಗೂ ಚಿಪ್ ಸಾಸಿವೆ ಕಾಳಿನಷ್ಟಿತ್ತು. ನಾಲ್ಕೂ ನಕಲಿ, ಒಂದೂ ಸುಟ್ಟಿರಲಿಲ್ಲ.